ಞ

ಬೇಲೂರು ರಸ್ತೆಯ ಕಾಫಿ ವರ್ಕ್ಸ್‌ನಲ್ಲಿ ನನ್ನ ಕೆಲಸ
ತಗಡಿನಲ್ಲಿ ಅಕ್ಷರ ಕೊರೆಯುವುದು.
ಕೊರೆದ ತಗಡನ್ನು ಗೋಣಿಯ ಮೇಲಿಟ್ಟು ಮಸಿ ಉಜ್ಜಿದರೆ
ಚೀಲಕ್ಕೊಂದು ಊರು, ಒಂದು ನಂಬರು.
ಆ ವರ್ಷ ಎಲ್ಲ ಚೀಲಕ್ಕೂ ಒಂದೇ ದೇಶ.
ಅದರ ಹೆಸರು ಕೊರೆಯುವಾಗ ನನ್ನ ಕೈ
ಒಂಚೂರು ಹೆಚ್ಚೇ ನೆಟ್ಟಗಿರುತ್ತಿತ್ತು.

ಯೂನಿಯನ್ನಿನ ಕಾರ್ಯದರ್ಶಿ ನಾನು.
ಕಾಳು ಆರಿಸುವ ಹೆಂಗಸರ ಒಂದೂವರೆ ರೂಪಾಯಿಗಾಗಿ
ಹನ್ನೊಂದು ದಿನ ಗೇಟಿನ ಮುಂದೆ ಕೂತವನು.
ಅದು ಸುಳ್ಳಲ್ಲ, ಈಗಲೂ ಹೇಳುತ್ತೇನೆ.
ಮನೆಗೆ ಆ ದೇಶದ ಪತ್ರಿಕೆ ಬರುತ್ತಿತ್ತು, ನುಣುಪು ಕಾಗದ,
ಓದಿ ಮುಗಿದರೆ ಮಗಳ ನೋಟ್‌ಬುಕ್ಕಿಗೆ ಬೈಂಡು.
ಗಣಿತದ ಮೇಲೆ ಲಾತ್ವಿಯಾದ ಹಾಲು ಕರೆಯುವ ಹುಡುಗಿ
ವರ್ಷವಿಡೀ ನಕ್ಕಳು.

ಎಂಬತ್ತೆಂಟರ ಫೆಬ್ರವರಿ. ಮಾಸ್ಕೋದಿಂದ ಖರೀದಿಯವರು,
ಐದು ಜನ ಗಂಡಸರು, ರುಚಿ ನೋಡಲು ರೀಗಾದ ಒಬ್ಬಳು.
ಟೈಪು ಮಾಡಿದ ಪಟ್ಟಿಯಲ್ಲಿ: ವೆಲ್ತಾ ಕಾಲ್ನಿನಾ.
ಗಂಡಸರು ಊಟಕ್ಕೆ ಹೋದರು.
ಅವಳು ಆರಿಸುವ ಹಾಲಿನಲ್ಲೇ ನಿಂತಳು,
ಸಫೂರಾಬಿಯ ಬೆರಳು ನೋಡುತ್ತ:
ಕರಿಯದು ಆಚೆ, ಒಡೆದದ್ದು ಆಚೆ, ಹುಳ ತಿಂದದ್ದು ಆಚೆ.
ಕಣ್ಣೆತ್ತುವುದಿಲ್ಲ ಸಫೂರಾಬಿ,
ಎತ್ತಿದರೆ ಕೂಲಿ ಕಡಿಮೆ.

"ನಮ್ಮನ್ನೂ ಹೀಗೇ" ಅಂದಳು ವೆಲ್ತಾ.
ಅವಳ ಇಂಗ್ಲಿಷೂ ನನ್ನದರಷ್ಟೇ ಕುಂಟು.
ನಲವತ್ತೊಂಬತ್ತರ ಮಾರ್ಚಿಯಲ್ಲಿ ಆರು ವರ್ಷ ಅವಳಿಗೆ.
ಅಪ್ಪನಿಗೆ ಒಂಬತ್ತು ಹಸು, ಸುಗ್ಗಿಗೆ ಒಬ್ಬ ಆಳು,
ಅಷ್ಟು ಸಾಕಾಯಿತು ಪಟ್ಟಿಗೆ.
ರಾತ್ರಿ ಬಂದವರಲ್ಲಿ ಒಬ್ಬ ಪಕ್ಕದ ಹೊಲದವನೇ,
ಬೆಚ್ಚನೆಯದು ತಗೊಳ್ಳಿ ಅಂತ ಪಿಸುಗುಟ್ಟಿದನಂತೆ.
ದನದ ರೈಲು, ಮೂರು ವಾರ. ಅಜ್ಜಿಯನ್ನು
ಯಾವ ಸ್ಟೇಷನ್ನಿನಲ್ಲಿ ಇಳಿಸಿದರೋ
ಅಮ್ಮ ಕೊನೆತನಕ ಬಾಯಿಬಿಡಲಿಲ್ಲ.
ಏಳು ಚಳಿಗಾಲ ಸೈಬೀರಿಯಾ.
ಮರಳಿ ಬಂದರೆ ಮನೆಯಲ್ಲಿ ಬೇರೆ ಯಾರೋ
ಅಜ್ಜಿಯ ಬಟ್ಟಲಲ್ಲಿ ಸೂಪು ಕುಡಿಯುತ್ತಿದ್ದರು.

ನಾನು ಕೇಳಿದ್ದು ಪೆದ್ದು ಪ್ರಶ್ನೆ:
ಫೋಟೋದ ಆ ಹುಡುಗಿ ಯಾಕೆ ನಗುತ್ತಿದ್ದಳು?
ಯೋಚಿಸಿದಳು. "ಹಸು ಹಾಲು ಕೊಟ್ಟಿರಬೇಕು.
ಹಸುವಿಗೆ ಏನು ಗೊತ್ತು."

ಆಮೇಲೆ ಪಟ್ಟಿ ತೆಗೆದು ತನ್ನ ಹೆಸರಿನ
ಎರಡನೆಯ ಎನ್ ಕೆಳಗೆ ಪೆನ್ಸಿಲಿನ ಕೊಕ್ಕೆ ಎಳೆದಳು,
ಟೈಪ್‌ರೈಟರಿಗೆ ಬಾರದ ಕೊಕ್ಕೆ.
ನಾಲಿಗೆಯನ್ನು ಅಂಗುಳಿಗೆ ಅಂಟಿಸಿ ಅಂದು ತೋರಿಸಿದಳು.
ಪುಟ್ಟ ಗುಡ್ಡ ಅಂತ ಅರ್ಥವಂತೆ.
ಕಿಟಕಿಯಾಚೆ ಮುಳ್ಳಯ್ಯನಗಿರಿ ನೋಡಿ ನಕ್ಕಳು,
ನಮ್ಮ ಅತಿ ಎತ್ತರದ್ದು ಅದರ ಮೊಣಕಾಲಿಗೂ ಇಲ್ಲ.
ಅಂಗಡಿಯಲ್ಲಿ ಅವಳ ನುಡಿ ಆಡಿದರೆ
ಮನುಷ್ಯರ ಭಾಷೆ ಮಾತಾಡು ಅನ್ನುತ್ತಾರಂತೆ.

ನನ್ನ ಬಳಿ ಇತ್ತು ಆ ಅಕ್ಷರ.
ಒಂದನೇ ಕ್ಲಾಸಿನಲ್ಲಿ ಕೂಗಿ ಕಲಿತು ಅಲ್ಲೇ ಬಿಟ್ಟದ್ದು.
ಜ್ಞಾನದ ಕಾಲಡಿ ಒತ್ತಾಗಿ ಬದುಕುತ್ತದೆ,
ತಾನೇ ಎದ್ದು ನಿಂತದ್ದು ನಾನು ಕಂಡಿಲ್ಲ.
ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಕೊರೆದಿರಲಿಲ್ಲ.

ಕೊರೆದೆ. ಸುಳಿ ಜಾಸ್ತಿ. ನಡುವಿನ ತುಂಡು ಕಳಚದಂತೆ
ಎರಡು ಕಡೆ ಎಳೆ ಬಿಡಬೇಕು, ಉಳಿ ಜಾರಿತು, ರಕ್ತ ಬಂತು.
ಒಂದೇ ಒಂದು ಚೀಲಕ್ಕೆ, ದೇಶದ ಹೆಸರಿನ ಕೆಳಗೆ, ಒತ್ತಿದೆ.
ಇದೇನ್ರೀ ಗುರುತು ಅಂದರು ರೈಟರು ತಮ್ಮೇಗೌಡರು.
ಹೊಸ ಗ್ರೇಡು ಸಾರ್, ಅಂದೆ.

ಮರುವರ್ಷ ಆಗಸ್ಟಿನಲ್ಲಿ ರೇಡಿಯೋ ಹೇಳಿತು:
ಮೂರು ನಾಡಿನ ಜನ ಕೈಗೆ ಕೈ ಕೊಟ್ಟು ನಿಂತಿದ್ದಾರೆ,
ಇಲ್ಲಿಂದ ಹತ್ತಿರ ಹತ್ತಿರ ಬೀದರಿನವರೆಗೆ ಆಗುವಷ್ಟು ಸಾಲು.
ಅವಳಿದ್ದಳೋ ಗೊತ್ತಿಲ್ಲ.
ಸಫೂರಾಬಿಗೆ ಹೇಳಿದೆ. ಎಷ್ಟು ಕೂಲಿಗೆ? ಅಂದಳು.
ತಡವರಿಸಿದೆ.

ಬಾವುಟ ಸುಡಲಿಲ್ಲ, ಮತ್ತೆ ಹಾರಿಸಲೂ ಇಲ್ಲ.
ಟ್ರಂಕಿನಲ್ಲಿದೆ.
ತಗಡನ್ನು ಹಿತ್ತಲ ಕಿಟಕಿಯ ಒಡೆದ ಗಾಜಿನ ಜಾಗಕ್ಕೆ
ಮೊಳೆ ಹೊಡೆದಿದ್ದೇನೆ.
ಮಾಗಿಯಲ್ಲಿ ಅಕ್ಷರದೊಳಗಿಂದ ಗಾಳಿ ನುಗ್ಗುತ್ತದೆ,
ಒಂದು ಬಟ್ಟೆ ತುರುಕಬಾರದೇ ಅನ್ನುತ್ತಾಳೆ ಹೆಂಡತಿ.
ಇನ್ನೂ ತುರುಕಿಲ್ಲ.